ಟಾಮ್ ಅಂಡ್ ಜೆರ್ರಿ: ಕನ್ನಡ ನಾಡಿನ ನೋಟ

ಟಾಮ್ ಅಂಡ್ ಜೆರ್ರಿ ಅಮೆರಿಕದ ಎಂಜಿಎಂ ಸಂಸ್ಥೆಗಾಗಿ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಶುರುಮಾಡಿದ ಕಿರು ಕಾರ್ಟೂನ್ ಚಿತ್ರಗಳ ಮಾಲೆ. ಬೂದು ಬಣ್ಣದ ಬೆಕ್ಕು ಟಾಮ್, ಕಂದು ಬಣ್ಣದ ಇಲಿ ಜೆರ್ರಿ. ಬೆಕ್ಕು ಬೆನ್ನಟ್ಟುತ್ತದೆ, ಇಲಿ ತಪ್ಪಿಸಿಕೊಳ್ಳುತ್ತದೆ, ಕೊನೆಗೆ ಪೆಟ್ಟು ಬೆಕ್ಕಿಗೇ ಬೀಳುತ್ತದೆ. ಕಥೆ ಇಷ್ಟೇ. ಇದನ್ನೇ ಇಬ್ಬರೂ 1958ರವರೆಗೆ 114 ಚಿತ್ರಗಳಲ್ಲಿ ಹೇಳಿದರು, ಅದಕ್ಕಾಗಿ ಏಳು ಆಸ್ಕರ್ ಪ್ರಶಸ್ತಿಗಳೂ ಬಂದವು. ಚಿತ್ರಮಂದಿರದಲ್ಲಿ ದೊಡ್ಡ ಚಿತ್ರದ ಜೊತೆ ತೋರಿಸಲೆಂದು ಮಾಡಿದ ಸರಕು 1965ರಿಂದ ಅಮೆರಿಕದ ಟಿವಿಗೆ ಬಂತು, ಅಲ್ಲಿಂದ ಜಗತ್ತಿನ ಟಿವಿಗೆ. ಕನ್ನಡಿಗರಿಗಂತೂ ಇದು ಮೊದಲಿನಿಂದಲೂ ಟಿವಿಯ ಕಾರ್ಟೂನೇ.

ಕನ್ನಡದ ಒಂದು ಮಾತೂ ಇಲ್ಲದ ಈ ಮಾಲೆ ಕನ್ನಡ ಮನೆಗಳಲ್ಲಿ ಮೂರು ತಲೆಮಾರುಗಳನ್ನು ಒಟ್ಟಿಗೆ ಕೂರಿಸಿದೆ. ಬೆಂಗಳೂರಿನ ಇಂಗ್ಲಿಷ್ ಬಲ್ಲ ಮನೆಗಳನ್ನು ನೋಡಿದರೆ ಇದರ ಕಾರಣ ಕಾಣುವುದಿಲ್ಲ. ಗದಗ ಜಿಲ್ಲೆಯ ಗಜೇಂದ್ರಗಡ, ರೋಣ, ನರೇಗಲ್‌ಗಳಂಥ ಊರುಗಳನ್ನು ನೋಡಿದರೆ ಕಾಣುತ್ತದೆ. ಅಲ್ಲಿನ ಮಕ್ಕಳಿಗೆ ದಶಕಗಳ ಕಾಲ ಟಿವಿಯ ಕಾರ್ಟೂನುಗಳು ಬಂದದ್ದು ಹಿಂದಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಮಾತು ತಿಳಿಯದೆಯೂ ಪೂರ್ತಿ ತಿಳಿಯುತ್ತಿದ್ದದ್ದು ಈ ಬೆಕ್ಕು-ಇಲಿಯ ಆಟ. ಈ ಲೇಖನ ಹೆಚ್ಚಾಗಿ ಆ ಕಡೆಯಿಂದಲೇ ವಿಷಯವನ್ನು ನೋಡುತ್ತದೆ.

ಹುಟ್ಟು

ಮೊದಲ ಚಿತ್ರ ‘ಪಸ್ ಗೆಟ್ಸ್ ದ ಬೂಟ್’ ತೆರೆಕಂಡದ್ದು 1940ರ ಫೆಬ್ರವರಿ 10ರಂದು. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಇನ್ನೊಂದು ವಸ್ತು ಒಡೆದರೆ ಮನೆಯಿಂದ ಹೊರಗೆ ಹಾಕುತ್ತೇನೆಂದು ಮನೆಗೆಲಸದ ಹೆಂಗಸು ಬೆಕ್ಕಿಗೆ ಗದರಿಸಿರುತ್ತಾಳೆ. ಇದನ್ನು ಕೇಳಿಸಿಕೊಂಡ ಇಲಿ ಗಾಜಿನ ಲೋಟವೊಂದನ್ನು ಮೇಜಿನ ಅಂಚಿಗೆ ತಂದು ಹಿಡಿಯುತ್ತದೆ. ಮುಟ್ಟಿದರೆ ಬೀಳಿಸುತ್ತೇನೆ ಎಂಬುದು ಬೆದರಿಕೆ. ಬೆಕ್ಕು ಬೆವರುತ್ತದೆ. ಮುಂದಿನ ಎಂಬತ್ತು ವರ್ಷಗಳ ಎಲ್ಲ ಹಾಸ್ಯವೂ ಈ ಒಂದು ದೃಶ್ಯದಲ್ಲಿದೆ ಎಂದರೆ ಹೆಚ್ಚಲ್ಲ. ಬಲ ಇದ್ದವನ ಕೈ ಕಟ್ಟಿದೆ, ಬಲ ಇಲ್ಲದವನ ಕೈಯಲ್ಲಿ ಲೋಟ ಇದೆ. ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಆದರೆ ತೆರೆಯ ಮೇಲೆ ಹ್ಯಾನಾ-ಬಾರ್ಬೆರಾ ಹೆಸರೇ ಇರಲಿಲ್ಲ.

ಮಾಲೆ ಮುಂದುವರಿಯುವುದೆಂದು ತೀರ್ಮಾನವಾದಾಗ ಹೊಸ ಹೆಸರಿಗಾಗಿ ಸ್ಟುಡಿಯೋದೊಳಗೇ ಸ್ಪರ್ಧೆ ನಡೆಯಿತು. ಜಾನ್ ಕಾರ್ ಎಂಬ ಕಲಾವಿದ ಸೂಚಿಸಿದ ‘ಟಾಮ್ ಅಂಡ್ ಜೆರ್ರಿ’ ಗೆದ್ದಿತು, ಬಹುಮಾನ 50 ಡಾಲರ್. ಕೆಲಸದ ಹಂಚಿಕೆಯೂ ಆಗಲೇ ಗಟ್ಟಿಯಾಯಿತು. ಬಾರ್ಬೆರಾ ಕಥೆ ಕಟ್ಟಿ ಚಕಚಕನೆ ರೇಖಾಚಿತ್ರ ಬರೆಯುತ್ತಿದ್ದರು. ಯಾವ ಪೆಟ್ಟು ಯಾವ ಗಳಿಗೆಯಲ್ಲಿ ಬೀಳಬೇಕು, ಬಿದ್ದ ಮೇಲೆ ಎಷ್ಟು ಹೊತ್ತು ತಡೆದು ಕಿರುಚಬೇಕು ಎಂಬ ಲೆಕ್ಕ ಹ್ಯಾನಾ ಅವರದು. ಟಾಮ್‌ನ ಪ್ರಸಿದ್ಧ ಕಿರುಚಾಟವೂ ಹ್ಯಾನಾ ಅವರ ಕಂಠದ್ದೇ.

ಆಸ್ಕರ್ ಪ್ರತಿಮೆಗಳನ್ನು ವೇದಿಕೆಯಲ್ಲಿ ಪಡೆದದ್ದು ನಿರ್ಮಾಪಕ ಫ್ರೆಡ್ ಕ್ವಿಂಬಿ. ಚಿತ್ರ ಬರೆದವರು ಕೆಳಗೆ ಕುಳಿತಿದ್ದರು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಹಳೆಯ ಚಿತ್ರಗಳನ್ನೇ ಮತ್ತೆ ಬಿಡುಗಡೆ ಮಾಡಿದರೂ ಹೊಸದರಷ್ಟೇ ಹಣ ಬರುತ್ತದೆ ಎಂಬುದು ಆಡಳಿತದ ಲೆಕ್ಕ. ಕೆಲಸ ಕಳೆದುಕೊಂಡ ಇಬ್ಬರೂ ಸೇರಿ ಸ್ವಂತ ಸಂಸ್ಥೆ ಕಟ್ಟಿ ಟಿವಿಗೆ ಹೊರಳಿದರು. ‘ಫ್ಲಿಂಟ್‌ಸ್ಟೋನ್ಸ್’ (1960), ‘ಸ್ಕೂಬಿ ಡೂ’ (1969) ಆ ಸಂಸ್ಥೆಯವು.

ಮಾಲೆ ನಂತರ ಕೈಯಿಂದ ಕೈಗೆ ಹೋಯಿತು. 1961-62ರಲ್ಲಿ ಜೀನ್ ಡೈಚ್ ಪ್ರಾಗ್ ನಗರದಲ್ಲಿ ಕಡಿಮೆ ಹಣದಲ್ಲಿ 13 ಚಿತ್ರ ಮಾಡಿದರು. ಅದು ಶೀತಲ ಸಮರದ ಕಾಲ, ಹಾಗಾಗಿ ಚೆಕ್ ಕಲಾವಿದರ ಹೆಸರುಗಳನ್ನು ಇಂಗ್ಲಿಷ್ ಹೆಸರುಗಳಂತೆ ತಿದ್ದಿ ತೆರೆಗೆ ಹಾಕಿದರು. ಬಾವಿಯೊಳಗಿಂದ ಬಂದಂಥ ಶಬ್ದ, ವಿಚಿತ್ರ ಹಿನ್ನೆಲೆ, ಕೆರಳಿ ಕೆಂಪಾಗುವ ಮಾಲೀಕ, ಇವುಗಳಿಂದ ಆ ಚಿತ್ರಗಳನ್ನು ಮಕ್ಕಳೂ ಕೂಡಲೇ ಗುರುತಿಸುತ್ತಾರೆ. 1963ರಿಂದ 1967ರವರೆಗೆ ಚಕ್ ಜೋನ್ಸ್ 34 ಚಿತ್ರ ಮಾಡಿದರು. ಅವರ ಟಾಮ್‌ಗೆ ದಪ್ಪ ಹುಬ್ಬು, ಜೆರ್ರಿಗೆ ದೊಡ್ಡ ಕಿವಿ. ಚೆಂದವಾಗಿವೆ, ಆದರೆ ಪೆಟ್ಟಿಗೆ ತೂಕ ಕಡಿಮೆ. ನೋಡುಗರು ಮತ್ತೆ ಮತ್ತೆ ಕೇಳುವುದು ಮೊದಲ 114ನ್ನೇ, ಅದು ಸರಿಯಾದ ಆಯ್ಕೆಯೇ ಆಗಿದೆ.

ಗಜೇಂದ್ರಗಡಕ್ಕೆ ಟಿವಿ ಬಂದ ದಾರಿ

ಗಜೇಂದ್ರಗಡ ಮೊದಲು ಧಾರವಾಡ ಜಿಲ್ಲೆಯ ರೋಣ ತಾಲೂಕಿನಲ್ಲಿತ್ತು. 1997ರಲ್ಲಿ ಗದಗ ಜಿಲ್ಲೆಯಾದಾಗ ಅದರೊಳಗೆ ಬಂದು, ಮುಂದೆ ತಾನೇ ತಾಲೂಕು ಕೇಂದ್ರವಾಯಿತು. ಗುಡ್ಡದ ಮೇಲೆ ಕೋಟೆ, ಹತ್ತಿರದಲ್ಲೇ ಕಾಲಕಾಲೇಶ್ವರ, ಓಣಿಗಳಲ್ಲಿ ಮಗ್ಗ. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಊರು. ಊರ ಎಲ್ಲೆ ದಾಟಿದರೆ ಒಂದು ಕಡೆ ಅಂದಿನ ವಿಜಾಪುರ ಜಿಲ್ಲೆ, ಇನ್ನೊಂದು ಕಡೆ ಅಂದಿನ ರಾಯಚೂರು ಜಿಲ್ಲೆ.

ಈ ಎರಡು ಜಿಲ್ಲೆಗಳ ಹೆಸರಿಗೆ ಟಿವಿಯ ಚರಿತ್ರೆಯಲ್ಲಿ ಮಹತ್ವವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಿತ್ತರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಂಗಳೂರು ಟಿವಿ ಕೇಂದ್ರ ಶುರುವಾದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಈ ಒಣಸೀಮೆಯ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಬೆಳಿಗ್ಗೆ ಕನ್ನಡದ ಮಕ್ಕಳ ಕಾರ್ಯಕ್ರಮ ನೋಡುತ್ತಿದ್ದರು. ಪ್ರತಿದಿನ ಇಪ್ಪತ್ತೆರಡೂವರೆ ನಿಮಿಷ, ಕನ್ನಡದಲ್ಲೇ. ಮಗು ತನ್ನ ಮಾತಿನಲ್ಲಿ ಟಿವಿ ನೋಡಬೇಕು ಎಂಬ ಅರಿವು 1975ರಲ್ಲೇ ಇತ್ತು, ಮುಂದೆ ಮರೆತುಹೋಯಿತು. ಉಪಗ್ರಹ ಹೋಯಿತು, ಪೆಟ್ಟಿಗೆ ಮೂಕವಾಯಿತು. ಗುಲ್ಬರ್ಗದಲ್ಲಿ ಮಾತ್ರ 1977ರಲ್ಲಿ ದೂರದರ್ಶನ ಕೇಂದ್ರ ಬಂತು.

ಎಂಬತ್ತರ ದಶಕದಲ್ಲಿ ದೂರದರ್ಶನ ರಾಷ್ಟ್ರೀಯ ಜಾಲವಾದ ಮೇಲೆ ಮಕ್ಕಳ ಪಾಲಿಗೆ ಬಂದದ್ದು ಭಾನುವಾರದ ಬೆಳಿಗ್ಗೆ. ಕಾರ್ಯಕ್ರಮಗಳ ನಡುವೆ ಫಿಲ್ಮ್ಸ್ ಡಿವಿಷನ್ನಿನ 1974ರ ‘ಏಕ್ ಅನೇಕ್ ಔರ್ ಏಕತಾ’ ತೂರಿಬರುತ್ತಿತ್ತು. ತೊಂಬತ್ತರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿ, ‘ಡಕ್‌ಟೇಲ್ಸ್’, ‘ಟೇಲ್‌ಸ್ಪಿನ್’ ಬಂದವು. ಎಲ್ಲವೂ ಹಿಂದಿಯಲ್ಲಿ. ರೋಣ ತಾಲೂಕಿನ ಹುಡುಗರು ಶೇರ್‌ಖಾನ್‌ನ ಗತ್ತನ್ನು ಕಂಡು ಮೆಚ್ಚಿದರೇ ಹೊರತು ಅವನು ಏನು ಹೇಳುತ್ತಿದ್ದಾನೆಂದು ಪೂರ್ತಿ ತಿಳಿದದ್ದು ಹಿಂದಿ ಪಾಠ ಶುರುವಾದ ಮೇಲೆ. ಕನ್ನಡದಲ್ಲಿ ಮಕ್ಕಳ ನಗೆ ಬೇಕಿದ್ದರೆ ಅಚ್ಚಿನಲ್ಲಿ ಸಿಗುತ್ತಿತ್ತು. ಮಲಯಾಳಂನಲ್ಲಿ ಡಿಂಕನ್ ಎಂದು ಹುಟ್ಟಿ ಕನ್ನಡದ ‘ಬಾಲಮಂಗಳ’ ಪತ್ರಿಕೆಯಲ್ಲಿ ಡಿಂಗನಾದ ಶಕ್ತಿಶಾಲಿ ಇಲಿ ಆ ಕಾಲದ ಓದುಗರಿಗೆ ನೆನಪಿರುತ್ತದೆ.

ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಎಂಜಿಎಂನ ಹಳೆಯ ಚಿತ್ರಭಂಡಾರವನ್ನು ಟೆಡ್ ಟರ್ನರ್ 1986ರಲ್ಲೇ ಕೊಂಡುಕೊಂಡಿದ್ದರು, ಅದನ್ನು ಬಳಸಿಯೇ ಅಮೆರಿಕದಲ್ಲಿ 1992ರಲ್ಲಿ ಈ ವಾಹಿನಿ ಶುರುವಾಗಿತ್ತು. ಭಾರತದಲ್ಲಿ ಮೊದಲು ಹಗಲಿಗೆ ಕಾರ್ಟೂನು, ಅದು ಮುಗಿದ ಮೇಲೆ ಅದೇ ವಾಹಿನಿಯಲ್ಲಿ ಟಿಎನ್‌ಟಿಯ ಹಳೆಯ ಹಾಲಿವುಡ್ ಚಿತ್ರ. ಬೆಕ್ಕು ಓಡುತ್ತಿದ್ದ ಪರದೆಯಲ್ಲಿ ಒಮ್ಮೆಲೇ ಟೋಪಿ ಹಾಕಿದ ಗಂಡಸರು ಸಿಗರೇಟು ಸೇದತೊಡಗಿದರೆ ಮಕ್ಕಳು ಏಳುತ್ತಿದ್ದರು. ಕೇಬಲ್ ತಂತಿ ಮನೆಯಿಂದ ಮನೆಗೆ, ಮಾಳಿಗೆಯಿಂದ ಮಾಳಿಗೆಗೆ ಹಾದು ತಾಲೂಕು ಊರುಗಳ ಓಣಿಗಳನ್ನು ಮುಟ್ಟಿದಾಗ ಈ ವಾಹಿನಿಯೂ ಅದರ ಜೊತೆ ಬಂತು. “ಬೆಕ್ಕು-ಇಲಿ ಹಚ್ಚು” ಎಂಬ ಮಾತು ಆ ಕಾಲದ್ದು. ಹೆಸರು ಹೇಳಲು ಬಾರದ ಅಜ್ಜಿಯೂ ಹಾಗೇ ಕೇಳುತ್ತಿದ್ದಳು, ಹೆಸರು ಬಲ್ಲ ಮೊಮ್ಮಗ “ಟಾಮ್ಯಾಂಜೆರಿ” ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ.

ಮಾತಿಲ್ಲದ ಲಾಭ

ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವುದಕ್ಕೆ ಕರ್ನಾಟಕದಲ್ಲಿ 1960ರ ದಶಕದಿಂದ ವಿರೋಧವಿತ್ತು. ಕನ್ನಡ ಚಿತ್ರರಂಗ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅದನ್ನು ಉಳಿಸಲೆಂದು ಅನಕೃ, ಮ. ರಾಮಮೂರ್ತಿ ಮೊದಲಾದವರು ನಡೆಸಿದ ಹೋರಾಟ ಅದು, ಆ ಹೊತ್ತಿಗೆ ಅದಕ್ಕೆ ಕಾರಣವೂ ಇತ್ತು. ಆದರೆ ಕಾಲ ಕಳೆದಂತೆ ಅದು ಬರೆಯದ ಕಾನೂನಾಗಿ ಟಿವಿಗೂ ಹರಡಿತು. ಮಕ್ಕಳ ಕಾರ್ಟೂನು ಯಾವ ಕನ್ನಡ ನಟನ ಹೊಟ್ಟೆಯ ಮೇಲೂ ಹೊಡೆಯುವಂಥದಲ್ಲ. ಆದರೂ ತಮಿಳಿನ ಮಗು ತಮಿಳಿನಲ್ಲಿ, ತೆಲುಗಿನ ಮಗು ತೆಲುಗಿನಲ್ಲಿ ಕಾರ್ಟೂನು ನೋಡತೊಡಗಿದ ಮೇಲೂ ಕನ್ನಡದ ಮಗುವಿಗೆ ಆ ಭಾಗ್ಯ ಇರಲಿಲ್ಲ.

2009ರಲ್ಲಿ ಸನ್ ಸಮೂಹದ ಚಿಂಟು ಟಿವಿ ಬಂದಾಗ ಇದು ಬದಲಾಯಿತು. ಡೋರಾ ಕನ್ನಡ ಮಾತಾಡಿದಳು. ಮಕ್ಕಳ ವಾಹಿನಿಗೆ ಯಾರೂ ಹೆಚ್ಚು ತಕರಾರು ತೆಗೆಯಲಿಲ್ಲ. ದೊಡ್ಡವರ ಕಾರ್ಯಕ್ರಮಗಳ ಜಗಳ ಮುಂದುವರಿದು, ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಆದೇಶ ಕೊಟ್ಟಿತು.

1995ರಿಂದ 2009ರವರೆಗಿನ ಆ ಹದಿನಾಲ್ಕು ವರ್ಷಗಳ ತೆರಪಿನಲ್ಲಿ ಬೆಳೆದ ಮಕ್ಕಳೇ ಇಂದು ಟಾಮ್ ಅಂಡ್ ಜೆರ್ರಿಯ ಹೆಸರು ಕೇಳಿದರೆ ಮುಖ ಅರಳಿಸುವವರು. ಡಬ್ಬಿಂಗಿಗೆ ಅನುಮತಿ ಬೇಡ, ಯಾಕೆಂದರೆ ಡಬ್ ಮಾಡಲು ಏನೂ ಇಲ್ಲ. ಟಾಮ್ ಕಿರುಚಿದರೆ ಅದು ಎಲ್ಲ ಭಾಷೆಯ ಕಿರುಚಾಟ. ಅಂಗ್ರೇಜಿ ಶಾಲೆಯ ಮಗು, ಕನ್ನಡ ಶಾಲೆಯ ಮಗು, ಶಾಲೆಯನ್ನೇ ಕಾಣದ ಅಜ್ಜಿ ಒಂದೇ ಗಳಿಗೆಯಲ್ಲಿ ನಗಬಹುದು. ಯಾರಿಗೂ ಯಾರೂ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಾರ್ಟೂನುಗಳ ಮುಂದೆ ಹಿಂದಿ ಬಲ್ಲ ಅಣ್ಣನಿಗೆ ಮೇಲಿನ ಪೀಠ, ಇದರ ಮುಂದೆ ಎಲ್ಲರೂ ಒಂದೇ ಚಾಪೆ.

ಚಿತ್ರದಲ್ಲಿ ಹೆಚ್ಚು ಮಾತಾಡುವವಳು ಮನೆಗೆಲಸದ ಆ ಹೆಂಗಸು. ಅವಳ ಮಾತು ಅರ್ಥವಾಗದಿದ್ದರೂ ಬೈಗುಳ ಅರ್ಥವಾಗುತ್ತದೆ. ಕಸಬರಿಗೆ ಹಿಡಿದು ಬೆಕ್ಕನ್ನು ಅಟ್ಟುವ ಹೆಂಗಸು ಯಾವ ಊರಲ್ಲಿಲ್ಲ? ಮುಖ ತೋರಿಸದೆ ಕಾಲು ಮಾತ್ರ ತೋರಿಸುವುದರಿಂದ ಅವಳು ಯಾರ ಮನೆಯವಳೂ ಆಗಬಹುದಿತ್ತು. ಅದರ ಹಿಂದಿನ ಕಹಿ ನಮ್ಮ ಮಕ್ಕಳಿಗೆ ಆಗ ತಿಳಿದಿರಲಿಲ್ಲ, ಆ ವಿಷಯ ಮುಂದೆ ಬರುತ್ತದೆ.

ಇನ್ನೂ ಎರಡು ಸಣ್ಣ ಕಾರಣಗಳಿವೆ. ಒಂದು, ಚಿತ್ರದ ಉದ್ದ ಏಳೆಂಟು ನಿಮಿಷ. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಊರಲ್ಲಿ ಮೂರು ತಾಸಿನ ಸಿನಿಮಾ ಅರ್ಧಕ್ಕೆ ನಿಂತರೆ ಸಂಕಟ, ಬೆಕ್ಕು-ಇಲಿ ನಿಂತರೆ ನಷ್ಟವಿಲ್ಲ. ಮರಳಿ ಕರೆಂಟು ಬಂದಾಗ ಇನ್ನೊಂದು ಓಟ ನಡೆದಿರುತ್ತದೆ. ಎರಡು, ನಡುವೆ ಬಂದು ಕುಳಿತರೂ ಕಥೆ ತಪ್ಪುವುದಿಲ್ಲ. ಮಗ್ಗದಿಂದ ಎದ್ದು ಚಹಾಕ್ಕೆ ಬಂದವನು ನಿಂತುಕೊಂಡೇ ಒಂದು ಪೆಟ್ಟಿಗೆ ನಕ್ಕು ಮತ್ತೆ ಮಗ್ಗದ ಕುಣಿಗೆ ಇಳಿಯಬಹುದು.

ನಗೆಯ ಕಟ್ಟಡ

ಸಿನಿಮಾ ಒಂದು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಏಳು ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೇಲೆ. ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದರೂ ಕೈಯಿಂದ ಸಾವಿರಾರು ಚಿತ್ರ ಬರೆಯಲೇಬೇಕು. ಈ ಶ್ರಮವೆಲ್ಲ ಒಂದು ಬೆಕ್ಕಿನ ತಲೆಗೆ ಬಾಣಲೆ ಬಡಿಯುವುದಕ್ಕಾಗಿ. ಹುಚ್ಚಾಟ ಎನ್ನಿ, ಆದರೆ ಹುಚ್ಚಾಟವನ್ನು ಇಷ್ಟು ಲೆಕ್ಕ ಹಾಕಿ ಮಾಡಿದವರು ಕಡಿಮೆ. ಬಾಣಲೆ ಬಿದ್ದ ಮೇಲೆ ಟಾಮ್‌ನ ಮುಖ ಬಾಣಲೆಯ ಆಕಾರ ತಾಳುತ್ತದೆ, ಒಂದು ಕ್ಷಣ ಎಲ್ಲವೂ ನಿಲ್ಲುತ್ತದೆ, ಆಮೇಲೆ ಕಿರುಚಾಟ. ನಡುವಿನ ಆ ನಿಲುಗಡೆಯಲ್ಲಿ ನೋಡುವವನಿಗೆ ಮುಂದೇನೆಂದು ಗೊತ್ತು, ಟಾಮ್‌ಗೂ ಗೊತ್ತು. ಇಬ್ಬರೂ ಒಟ್ಟಿಗೆ ಕಾಯುತ್ತಾರೆ.

ಮಾತಿನ ಕೆಲಸವನ್ನು ಸಂಗೀತ ಮಾಡುತ್ತದೆ. ಸ್ಕಾಟ್ ಬ್ರಾಡ್ಲಿ ಹದಿನೆಂಟು ವರ್ಷವೂ ಈ ಮಾಲೆಗೆ ಸಂಗೀತ ಕೊಟ್ಟರು. ಹೆಜ್ಜೆ ಹೆಜ್ಜೆಗೂ, ರೆಪ್ಪೆ ಬಡಿದರೂ ಒಂದು ಸ್ವರ. ಜಾಜ್, ಜಾನಪದ ಧಾಟಿ, ಆ ಕಾಲದ ಅತ್ಯಾಧುನಿಕ ಹನ್ನೆರಡು ಸ್ವರದ ಪದ್ಧತಿ ಎಲ್ಲವನ್ನೂ ಅವರು ಬಳಸಿದರು. ಪಂಡಿತರು ಸಭೆಯಲ್ಲಿ ಕುಳಿತು ಕೇಳಲು ಒಲ್ಲೆ ಎನ್ನುತ್ತಿದ್ದ ಸಂಗೀತವನ್ನು ಮಕ್ಕಳು ಬೆಕ್ಕು ಜಾರಿಬೀಳುವಾಗ ಕೇಳಿಸಿಕೊಂಡರು. 1946ರ ಸಾಲಿನ ಆಸ್ಕರ್ ಗೆದ್ದ ‘ದ ಕ್ಯಾಟ್ ಕನ್ಸರ್ಟೊ’ದಲ್ಲಿ ಟಾಮ್ ಪಿಯಾನೊ ವಾದಕ, ಜೆರ್ರಿ ಪಿಯಾನೊದೊಳಗೆ ಮಲಗಿದವನು, ನುಡಿಸುವುದು ಫ್ರಾಂಜ್ ಲಿಸ್ಟ್‌ನ ಎರಡನೆಯ ಹಂಗೇರಿಯನ್ ರ‍್ಯಾಪ್ಸೊಡಿ. ಉತ್ತರ ಕರ್ನಾಟಕದ ಎಷ್ಟೋ ಕಿವಿಗಳಿಗೆ ಪಶ್ಚಿಮದ ಶಾಸ್ತ್ರೀಯ ಸಂಗೀತ ಮೊದಲು ಬಿದ್ದದ್ದು ಹೀಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹಾಡುಗಾರಿಕೆ ಕೇಳಿ ಬೆಳೆದ ಸೀಮೆ ಅದು. ತಾಳ ತಪ್ಪದೆ ಪೆಟ್ಟು ಬೀಳುವುದನ್ನು ಅಲ್ಲಿನವರು ಮೆಚ್ಚದೆ ಇರುತ್ತಾರೆಯೇ?

ಕನ್ನಡದ ಗಾದೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತದೆ. ಈ ಕಾರ್ಟೂನು ಅದನ್ನು ತಲೆಕೆಳಗು ಮಾಡಿತು. ಚೆಲ್ಲಾಟ ಇಲಿಗೆ, ಸಂಕಟ ಬೆಕ್ಕಿಗೆ. ಆದರೆ ಒಂದು ಸೂಕ್ಷ್ಮವಿದೆ. ಗಮನಿಸಿ ನೋಡಿದರೆ ಜಗಳ ತೆಗೆಯುವವನು ಎಷ್ಟೋ ಸಲ ಜೆರ್ರಿ. ಮಲಗಿದ್ದ ಬೆಕ್ಕನ್ನು ಕೆಣಕುವವನೂ ಅವನೇ. ಚಿಕ್ಕವರಿದ್ದಾಗ ಜೆರ್ರಿಯ ಪಕ್ಷ ವಹಿಸಿದವರು ದೊಡ್ಡವರಾದ ಮೇಲೆ ಟಾಮ್‌ನ ಕಡೆ ವಾಲುತ್ತಾರೆ. ಮನೆಗೆಲಸದವಳ ಬೈಗುಳ, ನಾಯಿಯ ಹೊಡೆತ, ಎಷ್ಟು ಮಾಡಿದರೂ ಕೈಗೆ ಹತ್ತದ ಕೆಲಸ, ಇವೆಲ್ಲ ದುಡಿಯತೊಡಗಿದವರಿಗೆ ಪರಿಚಿತ. ಒಂದೇ ಚಿತ್ರವನ್ನು ಎರಡು ವಯಸ್ಸಿನಲ್ಲಿ ಎರಡು ಕಡೆಯಿಂದ ನೋಡಬಹುದೆಂಬುದೇ ಇದು ಹಳಸದಿರಲು ದೊಡ್ಡ ಕಾರಣ ಎಂದು ಈ ಲೇಖಕನ ಎಣಿಕೆ.

ಇನ್ನು ಸಂಧಾನದ ಚಿತ್ರಗಳು. 1948ರ ‘ದ ಟ್ರೂಸ್ ಹರ್ಟ್ಸ್’ನಲ್ಲಿ ಬೆಕ್ಕು, ಇಲಿ, ನಾಯಿ ಮೂರೂ ಕಾಗದ ಬರೆದು ಸಹಿ ಹಾಕಿ ಶಾಂತಿ ಒಪ್ಪಂದ ಮಾಡಿಕೊಳ್ಳುತ್ತವೆ. ಮಾಂಸದ ತುಂಡೊಂದು ಸಿಕ್ಕಿದಾಗ ಯಾರಿಗೆಷ್ಟು ಎಂಬಲ್ಲಿ ಒಪ್ಪಂದ ಹರಿಯುತ್ತದೆ. ಗಜೇಂದ್ರಗಡದವರಿಗೆ ಇದು ಹೊಸದಲ್ಲ. ಟಿಪ್ಪು ಮತ್ತು ಮರಾಠರ ಯುದ್ಧ ನಿಲ್ಲಿಸಿದ 1787ರ ಒಪ್ಪಂದಕ್ಕೆ ಈ ಊರಿನದೇ ಹೆಸರು. ಸುಮಾರು ಮೂರು ವರ್ಷಗಳಲ್ಲೇ, 1790ರಲ್ಲಿ, ಮರಾಠರು ಇಂಗ್ಲಿಷರ ಜೊತೆ ಸೇರಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ನಿಂತರು.

ನೆಲದ ನೆಂಟರು

ಪ್ರಾಣಿಗಳ ಕೈಯಲ್ಲಿ ಮನುಷ್ಯರ ಮೂರ್ಖತನವನ್ನು ಆಡಿಸುವುದು ಈ ನೆಲಕ್ಕೆ ಹಳೆಯ ವಿದ್ಯೆ. ಕನ್ನಡದ ಮೊದಲ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ಚಂಪೂ ರೂಪದಲ್ಲಿ ಬರೆದ ದುರ್ಗಸಿಂಹ ಕಿಸುಕಾಡು ನಾಡಿನ ಸಯ್ಯಡಿಯವನು, ಅಂದರೆ ಇಂದಿನ ರೋಣ ತಾಲೂಕಿನ ಸವಡಿಯವನು. ಚಾಲುಕ್ಯ ದೊರೆ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಈ ಬ್ರಾಹ್ಮಣ ವಿದ್ವಾಂಸ ವಸುಭಾಗಭಟ್ಟನ ಪರಂಪರೆಯ ಕಥೆಗಳನ್ನು ಆರಿಸಿಕೊಂಡ. ಯುದ್ಧ, ಸಂಧಿ ನೋಡಿಕೊಳ್ಳುವ ಮಂತ್ರಿಗೆ ನರಿ, ಸಿಂಹಗಳ ಕಥೆ ಬೇಕಾಯಿತು ಎಂಬುದು ಸೊಗಸಾದ ಸಂಗತಿ. ಆದರೆ ಪಂಚತಂತ್ರದ ಪ್ರಾಣಿ ನೀತಿ ಹೇಳಿಯೇ ಹೋಗುತ್ತದೆ. ಟಾಮ್, ಜೆರ್ರಿ ಯಾರಿಗೂ ಏನನ್ನೂ ಕಲಿಸುವುದಿಲ್ಲ, ತಾವೂ ಕಲಿಯುವುದಿಲ್ಲ.

ಹೆಚ್ಚು ಹತ್ತಿರದ ನೆಂಟತನ ತೊಗಲುಗೊಂಬೆಯ ಜೊತೆ. ಹದಮಾಡಿದ ತೊಗಲಿಗೆ ಬಣ್ಣ ಹಾಕಿ, ಪರದೆಯ ಹಿಂದೆ ದೀಪವಿಟ್ಟು ಕುಣಿಸುವ ಈ ಆಟ ಕೊಪ್ಪಳ, ಬಳ್ಳಾರಿ, ಗದಗಿನ ಸೀಮೆಯಲ್ಲಿ ತಲೆತಲಾಂತರದಿಂದ ಬಂದದ್ದು. ರಾಮ-ರಾವಣರು ಬರುವುದಕ್ಕೆ ಮೊದಲು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಪರದೆಗೆ ಬಂದು ಒಬ್ಬರಿಗೊಬ್ಬರು ಹೊಡೆದುಕೊಂಡು, ಬೈದುಕೊಂಡು ಜನರನ್ನು ನಗಿಸುತ್ತಾರೆ. ಪೆಟ್ಟು ಬಿದ್ದಾಗ ‘ಟಪ್’ ಎಂಬ ಸದ್ದು ಪರದೆಯ ಹಿಂದಿನಿಂದ. ಗೊಂಬೆಗೆ ನೋವಿಲ್ಲ, ಎದ್ದು ನಿಲ್ಲುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆ ಮತ್ತೆ ಸುದ್ದಿಯಾಯಿತು. ಬೆಳಕಿನ ಪರದೆಯ ಮೇಲೆ ಚಪ್ಪಟೆ ಚಿತ್ರಗಳು ಬಡಿದಾಡುವುದನ್ನು ನೋಡಿ ನಗಲು ಈ ಸೀಮೆಯವರು ಅಮೆರಿಕದಿಂದ ಕಲಿಯಬೇಕಿರಲಿಲ್ಲ.

ಒಂದು ತೊಡಕೂ ಉಂಟು. ನೇಕಾರರ, ಒಕ್ಕಲಿಗರ ಮನೆಯಲ್ಲಿ ಇಲಿ ನಿಜವಾದ ಶತ್ರು. ಹಾಸು ಕಡಿದರೆ ವಾರದ ಕೂಲಿ ಹೋಯಿತು, ಜೋಳದ ಚೀಲಕ್ಕೆ ಬಾಯಿ ಹಾಕಿದರೆ ರೊಟ್ಟಿ ಹೋಯಿತು. ಉತ್ತರ ಕರ್ನಾಟಕದ ಹಲವೆಡೆ ಗಣೇಶ ಚೌತಿಯ ಮರುದಿನ ‘ಇಲಿವಾರ’ ಆಚರಿಸಿ, ನೂಲು, ಬಟ್ಟೆ, ಕಾಳು ಕಡಿಯಬೇಡವೆಂದು ಇಲಿಯ ಹೆಸರಲ್ಲಿ ಎಡೆ ಇಡುವುದುಂಟು. ಗಣಪನ ವಾಹನವೆಂದು ಕೈಮುಗಿಯುವುದೂ ಉಂಟು, ಬೋನು ಇಡುವುದೂ ಉಂಟು. ಇಂಥ ಮನೆಗಳಲ್ಲಿ ಬೆಕ್ಕು ಆಟದ ಪ್ರಾಣಿಯಲ್ಲ, ಕೆಲಸಗಾರ. ಹಾಗಾಗಿ ಟಾಮ್‌ನ ಸೋಲು ಇಲ್ಲಿನ ತಾಯಂದಿರಿಗೆ ನಗೆಯ ಜೊತೆಗೆ ಸ್ವಲ್ಪ ಸಿಟ್ಟನ್ನೂ ತರುತ್ತದೆ. “ಒಂದ ಇಲಿ ಹಿಡ್ಯಾಕ ಬರಂಗಿಲ್ಲ, ಏನ್ ಬೆಕ್ಕಲೇ ಇದು” ಎಂಬ ಉದ್ಗಾರದಲ್ಲಿ ಎರಡೂ ಇವೆ.

ಆಕ್ಷೇಪಗಳು

ಮಾಲೆಯ ಮೇಲಿನ ಅತ್ಯಂತ ಗಂಭೀರ ಆಕ್ಷೇಪ ಹಿಂಸೆಯದಲ್ಲ, ವರ್ಣಭೇದದ್ದು. ಮನೆಗೆಲಸದ ಹೆಂಗಸು, ‘ಮ್ಯಾಮಿ ಟೂ ಶೂಸ್’, ಕಪ್ಪು ಜನಾಂಗದವರನ್ನು ಅಡುಗೆಮನೆಗೆ ಕಟ್ಟಿಹಾಕಿ ನಗುವ ಅಮೆರಿಕದ ಹಳೆಯ ಚಾಳಿಯ ಪಾತ್ರ. ಬಾಂಬು ಸಿಡಿದಾಗ ಮುಖ ಕಪ್ಪಾಗಿ ಹಾಸ್ಯವಾಗುವ ದೃಶ್ಯಗಳೂ ಅದೇ ಜಾತಿಯವು. ಅವಳಿಗೆ ದನಿ ಕೊಟ್ಟವರು ಲಿಲಿಯನ್ ರ‍್ಯಾಂಡಾಲ್ಫ್. ಟಿವಿಗೆ ತಂದಾಗ ಕೆಲವು ಚಿತ್ರಗಳಲ್ಲಿ ಅವಳನ್ನು ಅಳಿಸಿ ಬಿಳಿಯ ಹೆಂಗಸನ್ನು ಬರೆದರು, ಮುಂದೆ ಕೆಲವಕ್ಕೆ ಹೊಸ ದನಿ ಹಾಕಿದರು. ಇಂದು ಹಳೆಯ ಚಿತ್ರಗಳ ಸಂಗ್ರಹಗಳಿಗೆ ಎಚ್ಚರಿಕೆಯ ಮಾತು ಸೇರಿಸುತ್ತಾರೆ. ಅಳಿಸಿಹಾಕುವುದಕ್ಕಿಂತ ಹೇಳಿ ತೋರಿಸುವುದು ಲೇಸು. ನಮ್ಮಲ್ಲಿಯೂ ಮನೆಗೆಲಸದವರನ್ನು, ಕಪ್ಪು ಬಣ್ಣವನ್ನು ಹಾಸ್ಯದ ಸರಕಾಗಿಸಿಕೊಂಡ ಸಿನಿಮಾಗಳ ಸಾಲೇ ಇರುವಾಗ ಈ ಎಚ್ಚರ ದೂರದೇಶದ ಮಾತಲ್ಲ.

ಹಿಂಸೆಯ ಆಕ್ಷೇಪಕ್ಕೆ ಮಣಿದು 1975ರಲ್ಲಿ ಟಿವಿಗಾಗಿ ಮಾಡಿದ ಹೊಸ ಸರಣಿಯಲ್ಲಿ ಬೆಕ್ಕು, ಇಲಿ ಸ್ನೇಹಿತರಾದರು, ಜೆರ್ರಿ ಕೊರಳಿಗೆ ಕೆಂಪು ಬೋ ಕಟ್ಟಿಕೊಂಡ. ಮಾಡಿದವರು ಅದೇ ಹ್ಯಾನಾ-ಬಾರ್ಬೆರಾ. ಯಾರೂ ಅದನ್ನು ಕೇಳಿ ಹಾಕಿಸಿಕೊಂಡು ನೋಡುವುದಿಲ್ಲ.

ಇನ್ನೊಂದು ಗಾಳಿಸುದ್ದಿಯನ್ನು ಇಲ್ಲಿ ತಳ್ಳಿಹಾಕಬೇಕು. 1956ರ ‘ಬ್ಲೂ ಕ್ಯಾಟ್ ಬ್ಲೂಸ್’ನಲ್ಲಿ ಪ್ರೇಮಭಗ್ನರಾದ ಇಬ್ಬರೂ ರೈಲು ಹಳಿಯ ಮೇಲೆ ಕುಳಿತು ಚಿತ್ರ ಮುಗಿಯುತ್ತದೆ. ಇದೇ ಮಾಲೆಯ ಕೊನೆಯ ಚಿತ್ರ ಎಂದು ಕನ್ನಡದ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತದೆ. ಅದು ಕೊನೆಯದಲ್ಲ, ಅದರ ನಂತರವೂ ಹ್ಯಾನಾ-ಬಾರ್ಬೆರಾ ಚಿತ್ರಗಳು ಬಂದವು.

ಮಾತು ಬಂದಾಗ

1992ರ ಪೂರ್ಣಪ್ರಮಾಣದ ಚಲನಚಿತ್ರದಲ್ಲಿ ಟಾಮ್, ಜೆರ್ರಿ ಇಬ್ಬರೂ ಮಾತಾಡಿದರು, ಹಾಡಿದರು, ಹುಡುಗಿಯೊಬ್ಬಳನ್ನು ಕಾಪಾಡಿದರು. ಪ್ರೇಕ್ಷಕರು ಮುಖ ತಿರುಗಿಸಿದರು. ಮಾತು ಬಂದೊಡನೆ ಬೆಕ್ಕು ಯಾವುದೋ ಒಂದು ಊರಿನ ಬೆಕ್ಕಾಯಿತು. 2021ರ ಚಿತ್ರದಲ್ಲಿ ಈ ತಪ್ಪನ್ನು ತಿದ್ದಿಕೊಂಡು ಇಬ್ಬರನ್ನೂ ಮೂಕರಾಗಿಯೇ ಇಟ್ಟು, ನ್ಯೂಯಾರ್ಕಿನ ಹೋಟೆಲಿನಲ್ಲಿ ನಡೆಯುವ ಭಾರತೀಯ ಮದುವೆಯಲ್ಲಿ ಓಡಾಡಿಸಿದರು. ಮದುಮಗಳಾಗಿ ಪಲ್ಲವಿ ಶಾರದಾ, ಮದುವೆಗೆ ಆನೆಗಳು. ಆದರೆ ಮನುಷ್ಯರ ಮಾತೇ ಹೆಚ್ಚಾಯಿತು. ಅದೇ 2021ರಲ್ಲಿ ಕನ್ನಡದಲ್ಲೂ ‘ಟಾಮ್ ಅಂಡ್ ಜೆರ್ರಿ’ ಎಂಬ ಚಿತ್ರ ಬಂತು. ರಾಘವ್ ವಿನಯ್ ಶಿವಗಂಗೆ ನಿರ್ದೇಶನದ ಅದರಲ್ಲಿ ಬೆಕ್ಕೂ ಇಲ್ಲ, ಇಲಿಯೂ ಇಲ್ಲ, ಸದಾ ಕಚ್ಚಾಡುವ ಹುಡುಗ, ಹುಡುಗಿ ಇದ್ದಾರೆ. ಸದಾ ಜಗಳವಾಡುವ, ಆದರೆ ಬಿಟ್ಟಿರಲಾರದ ಜೋಡಿ ಎಂದು ಹೇಳಲು ಕನ್ನಡದಲ್ಲಿ ಈ ಹೆಸರು ಸಾಕಾಗುತ್ತದೆ.

ಹೋಲಿಕೆಗೆ ಫ್ರಾನ್ಸಿನ ‘ಓಗಿ ಅಂಡ್ ದ ಕಾಕ್ರೋಚಸ್’ (1998) ತೆಗೆದುಕೊಳ್ಳಬಹುದು. ನೀಲಿ ಬೆಕ್ಕು, ಮೂರು ಜಿರಳೆ, ಮೂಲದಲ್ಲಿ ಮಾತಿಲ್ಲ. ಭಾರತದ ಟಿವಿಯಲ್ಲಿ ಅದಕ್ಕೆ ಹಿಂದಿ ಸಿನಿಮಾ ನಟರನ್ನು ಅಣಕಿಸುವ ದನಿಗಳನ್ನು ಕೂಡಿಸಿದರು. ಹಿಂದಿ ಬಲ್ಲವರಿಗೆ ಅದು ಹಬ್ಬ. ಹಿಂದಿ ಬಾರದ ಕನ್ನಡದ ಮಗುವಿಗೆ, ಮೊದಲು ತಿಳಿಯುತ್ತಿದ್ದ ಕಾರ್ಟೂನೊಂದು ತಿಳಿಯದಂತಾಯಿತು. ಇದಕ್ಕಿಂತ ವಿಚಿತ್ರವಾದ ಭಾಷಾಂತರ ಇನ್ನೊಂದಿಲ್ಲ.

ಇಂದಿನ ಮಕ್ಕಳು ಬೆಕ್ಕು-ಇಲಿಯನ್ನು ನೋಡುವುದು ಹೆಚ್ಚಾಗಿ ಮೊಬೈಲಿನಲ್ಲಿ, ಊಟ ಮಾಡಿಸುವ ತಾಯಿಯ ಕೈಯಲ್ಲಿ. ಹೊಸ ಸರಣಿಗಳೂ ಬರುತ್ತಲೇ ಇವೆ, 2023ರಲ್ಲಿ ಇಬ್ಬರೂ ಸಿಂಗಪುರದ ಬೀದಿಗಳಲ್ಲಿ ಓಡಿದರು. ಇದರ ಜೊತೆಗೆ ಯೂಟ್ಯೂಬಿನಲ್ಲಿ ಬೇರೊಂದು ಬೆಳೆ ಬಂದಿದೆ. ಹಳೆಯ ಚಿತ್ರದ ತುಣುಕಿಗೆ ಹುಡುಗರು ಉತ್ತರ ಕರ್ನಾಟಕದ ಮಾತು ಕೂಡಿಸಿ ಹರಿಬಿಡುತ್ತಾರೆ. ಟಾಮ್ ಜವಾರಿ ಭಾಷೆಯಲ್ಲಿ ಸಾಲ ಕೇಳುತ್ತಾನೆ, ಜೆರ್ರಿ ಬಡ್ಡಿ ಹೇಳುತ್ತಾನೆ. ಮಾತು ಬಂದರೆ ಕೆಡುತ್ತದೆ ಎಂಬ ಮೇಲಿನ ವಾದಕ್ಕೆ ಇದು ಅಡ್ಡ ಬರುತ್ತದೆ, ಯಾಕೆಂದರೆ ಇವು ಚೆನ್ನಾಗಿಯೇ ಇವೆ. ವ್ಯತ್ಯಾಸ ಇಷ್ಟೇ: ಇಲ್ಲಿ ಮಾತು ಮೇಲಿಂದ ಇಳಿದದ್ದಲ್ಲ, ನೋಡುವವನೇ ಹಾಕಿದ್ದು. ಕೇಬಲ್ ಕಾಲದ ಮನೆಗಳಲ್ಲೂ ಪರದೆಯ ಎದುರು ಕುಳಿತ ಯಾರೋ ಒಬ್ಬರು ಬೆಕ್ಕಿನ ಪರವಾಗಿ, ಇಲಿಯ ಪರವಾಗಿ ಮಾತಾಡುತ್ತಲೇ ಇದ್ದರು. ತೊಗಲುಗೊಂಬೆಯಾಟದಲ್ಲಿ ಹಲವು ಗೊಂಬೆಗಳ ಮಾತನ್ನು ಒಬ್ಬರೇ ಆಡುವಂತೆ, ಈ ತುಣುಕುಗಳಲ್ಲೂ ಬೆಕ್ಕು, ಇಲಿ, ನಾಯಿ ಮೂರಕ್ಕೂ ಸಾಮಾನ್ಯವಾಗಿ ಒಬ್ಬನದೇ ದನಿ.